ಛತ್ರಿಯ ಕೆಳಗಿಂದ ಕೇಳಿದ ಅಂಕಿಗಳು

ಇಂಥ ಕಥೆ ಹೇಳುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಎಲ್ಲ ನಿಮ್ಮ ಭ್ರಮೆ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿಬಿಡುತ್ತಿದ್ದೆ. ಈಗ ನಾನೇ ಹೇಳಬೇಕಾಗಿ ಬಂದಿದೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು. ಸಮಾಧಾನ ಮಾತ್ರ ಹೇಳಬೇಡಿ, ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ನೆಲ ಅಗೆಯದೆ ಒಳಗೆ ಎಂಥ ಕಲ್ಲಿದೆ ಎಂದು ಕಂಡುಹಿಡಿಯುವುದು ನನ್ನ ಕೆಲಸವಾಗಿತ್ತು. ಒಂದು ಯಂತ್ರ ಕಲ್ಲಿನ ಕಾಂತಗುಣ ಅಳೆಯುತ್ತದೆ. ಇನ್ನೊಂದು ಭೂಮಿಯ ಸೆಳೆತ ಅಳೆಯುತ್ತದೆ. ಕೆಳಗೆ ಗಟ್ಟಿ ಬಂಡೆ ಇದ್ದರೆ ಸೆಳೆತ ಕೂದಲೆಳೆಯಷ್ಟು ಹೆಚ್ಚು, ಟೊಳ್ಳಿದ್ದರೆ ಕಡಿಮೆ. ಕೆಲವು ವರ್ಷಗಳ ಹಿಂದೆ ಹೊಸನಗರದ ಆಚೆ ಒಂದು ಗುಡ್ಡದಲ್ಲಿ ಕಲ್ಲುಕ್ವಾರಿ ತೆರೆಯಲು ಹೊರಟವರು ನಮ್ಮಿಂದ ಸರ್ವೆ ಮಾಡಿಸಿದರು. ಗುಡ್ಡದ ಬುಡದಲ್ಲೇ ಸರೋಜಕ್ಕ ಎಂಬವರ ಮನೆ. ಒಳಗೆ ಟೊಳ್ಳಿದ್ದು ಮೇಲೆ ಮದ್ದು ಸಿಡಿಸಿದರೆ ಗುಡ್ಡ ಆ ಮನೆಯ ಮೇಲೇ ಜಾರುತ್ತಿತ್ತು.

ಜೊತೆಗಿದ್ದವಳು ಸಹೋದ್ಯೋಗಿ ವೀಣಾ, ಕೆಳದಿ ಕಡೆಯವಳು. ಸುಡುವ ಮಧ್ಯಾಹ್ನ. ಸೆಳೆತದ ಯಂತ್ರಕ್ಕೆ ಗಾಳಿ ಬಿಸಿಲು ತಾಗಬಾರದೆಂದು ಅವಳು ದೊಡ್ಡ ಕರಿ ಛತ್ರಿ ಬಿಚ್ಚಿ ಕೂತಿದ್ದಳು. ನಾನು ಕಾಂತದ ಯಂತ್ರ ಹೊತ್ತು ದೂರದಲ್ಲಿ ಓಡಾಡುತ್ತಿದ್ದೆ. ಇದ್ದಕ್ಕಿದ್ದಂತೆ ಅವಳು ಅಂಕಿಗಳನ್ನು ಕೂಗಿ ಹೇಳತೊಡಗಿದಳು. ಇಳಿಯುತ್ತಿದ್ದವು. ಒಂದೇ ಜಾಗದಲ್ಲಿ ಹಾಗೆ ಇಳಿಯಲು ಸಾಧ್ಯವೇ ಇಲ್ಲ.

ಯಂತ್ರ ವಾಲಿರಬೇಕು ಅನ್ನಿಸಿ, "ಲೆವೆಲ್ ನೋಡು ಮಾರಾಯ್ತಿ!" ಎಂದು ಕೂಗಿದೆ.

"ಸರಿ ಇದೆ" ಎಂದಳು. ಮತ್ತೆ ಅಂಕಿ.

ಹೊತ್ತಿದ್ದನ್ನು ಇಳಿಸಿ ಓಡಿಬಂದು ಬಗ್ಗಿ ಯಂತ್ರದ ಪರದೆ ನೋಡಿದೆ. ಅವಳು ಕೂಗಿದ್ದೇ ಅಲ್ಲಿತ್ತು. ಅಡಿಯ ಬಂಡೆಯನ್ನು ಯಾರೋ ಎಳೆದೊಯ್ಯುತ್ತಿದ್ದಾರೆ ಅನ್ನಿಸುವಂತೆ ಇಳಿಯಿತು, ಇಳಿಯಿತು, ಆಮೇಲೆ ತಾನಾಗಿ ಏರಿ ಮೊದಲಿದ್ದಲ್ಲಿಗೇ ಬಂದು ನಿಂತಿತು. ಅವಳು ಛತ್ರಿ ಮಡಚದೆಯೇ ಎದ್ದು ಇಳಿದುಹೋದಳು. ನಾನು ಎಲ್ಲ ಹೊತ್ತು ಕೆಳಗೆ ಬಂದಾಗ ಜೀಪಿನಲ್ಲಿ ಕಣ್ಣು ಮುಚ್ಚಿ ಒರಗಿದ್ದಳು.

ಆಫೀಸಿನಲ್ಲಿ ನಮ್ಮ ಮೇಲಿನವರು ನಕ್ಕರು. "ಯಂತ್ರಕ್ಕೆ ಕಾಲು ತಾಗಿಸಿರ್ತೀರಿ. ಆ ಪಾಯಿಂಟಿನ ಅಂಕಿ ತೆಗೆದುಹಾಕಿ."

"ಕೆಳಗೆ ಮನೆ ಇದೆ ಸಾರ್! ವೀಣಾನೇ ಓದಿ ಹೇಳಿದ್ದು, ಕೇಳಿ."

ವೀಣಾ ತಲೆ ತಗ್ಗಿಸಿದಳು. "ನಾನು ಓದಿಲ್ಲ ಸಾರ್. ಆಗ ನಾನು ಅಲ್ಲಿರಲೇ ಇಲ್ಲ."

ಕೆಲಸ ಉಳಿಸಿಕೊಳ್ಳಲು ಸುಳ್ಳು ಹೇಳಿದಳು ಎಂದು ನನ್ನ ಮೈಯೆಲ್ಲ ಉರಿದುಹೋಯಿತು. ಎಲ್ಲರೆದುರು ಬಾಯಿಗೆ ಬಂದಂತೆ ಬೈದು ರಾಜೀನಾಮೆ ಎಸೆದು ಬಂದೆ.

ಕ್ವಾರಿ ತೆರೆಯಿತು. ಗುಡ್ಡ ಸೀಳಿದಾಗ ನಾನೇ ಹೋಗಿ ನೋಡಿದೆ. ನಾವು ಯಂತ್ರ ಇಟ್ಟ ಜಾಗದ ಕೆಳಗೆ ಒಂದು ಬಿರುಕೂ ಇಲ್ಲದ ಕರಿಬಂಡೆ. ಸರೋಜಕ್ಕನ ಮನೆಗೆ ಏನೂ ಆಗಲಿಲ್ಲ. ಸಂತೋಷಪಡಬೇಕಿತ್ತು. ನನಗೆ ಆ ಬಂಡೆಗೆ ಒದೆಯಬೇಕು ಅನ್ನಿಸಿತು.

ಕಳೆದ ಬೇಸಿಗೆಯಲ್ಲಿ ಸಾಗರದ ಬಸ್‌ಸ್ಟ್ಯಾಂಡಿನಲ್ಲಿ ವೀಣಾ ಸಿಕ್ಕಳು. ಮುಖ ತಿರುಗಿಸಿದೆ. ಅವಳೇ ಅಡ್ಡ ಬಂದಳು. "ಇಷ್ಟು ವರ್ಷ ನನ್ನನ್ನು ಸುಳ್ಳಿ ಅಂದ್ಕೊಂಡಿದ್ದೀಯ. ಹೋಗು, ಸರೋಜಕ್ಕನ್ನ ಕೇಳು."

ಅವತ್ತೇ ಹೋದೆ. ಸರೋಜಕ್ಕ ಜಗಲಿಯಲ್ಲಿ ಹಪ್ಪಳ ಒಣಗಿಸುತ್ತಿದ್ದರು.

"ಆ ಹುಡುಗಿಯಾ? ತಲೆ ಸಿಡೀತದೆ ಅಂತ ಯಂತ್ರ ಇಟ್ಟು ಇಳಿದು ಬಂದಿತ್ತು. ಬೆಲ್ಲ, ನೀರು ಕೊಟ್ಟೆ. ನೀನು ಮೇಲಿಂದ ಲೆವೆಲ್ ಲೆವೆಲ್ ಅಂತ ಕೂಗಿದ್ದು ನಮ್ಮಿಬ್ಬರಿಗೂ ಇಲ್ಲೇ ಕೇಳ್ತು."

"ಸುಳ್ಳು! ಅವಳು ಉತ್ತರ ಕೊಟ್ಟಳು. ಛತ್ರಿ ಹಿಡಿದಿದ್ದಳು. ನಾನು ಪಕ್ಕದಲ್ಲೇ ನಿಂತಿದ್ದೆ!" ಎಂದು ಕಿರುಚಿದೆ.

"ಮುಖ ನೋಡಿದ್ಯಾ?" ಎಂದರು ಸರೋಜಕ್ಕ.

ನೋಡಿರಲಿಲ್ಲ. ನಾನು ನೋಡಿದ್ದು ಪರದೆಯನ್ನು. ಛತ್ರಿಯ ಅಂಚಿನ ಕೆಳಗೆ ಒಂದು ಕೈ ಕಂಡಿತ್ತು, ಅಷ್ಟೆ. ಹಾಗಾದರೆ ಆ ಅಂಕಿಗಳನ್ನು ಅವಳ ದನಿಯಲ್ಲಿ ನನಗೆ ಓದಿ ಹೇಳಿದ್ದು ಯಾರು? ಯಾಕೆ? ಆ ಹೊತ್ತಿನಲ್ಲಿ ನಾನು ಸರೋಜಕ್ಕನ ಮೇಲೇ ಏನೇನೋ ಕೂಗಾಡಿದೆನಂತೆ.

ಅವರು ಹಪ್ಪಳ ಮಗುಚುತ್ತಾ ಹೇಳಿದರು: "ನಂಗ್ಯಾಕೆ ಬೈತೀಯ ಮಾರಾಯ?"