ಹೊರೆಗಲ್ಲಿನ ಎತ್ತರ

ಮೊನ್ನೆ ಹೊಸಕೋಟೆಯ ಹೆದ್ದಾರಿ ಪಕ್ಕ ಒಬ್ಬ ಮುಸುಕಿನ ಜೋಳ ಸುಡುತ್ತಿದ್ದ. ಆ ಇದ್ದಿಲ ಹೊಗೆ ಮೂಗಿಗೆ ಬಡಿದದ್ದೇ ತಡ, ಪಕ್ಕದ ಮನೆಯ ಅಕ್ಕ ನೆನಪಾದಳು... ಈ ವಾಸನೆ ಅವಳಿಗೆ ಆಗುತ್ತಲೇ ಇರಲಿಲ್ಲ.

ಆಗ ಎರಡನೇ ಮಹಾಯುದ್ಧದ ಕಾಲ. ನಾನು ಮದುವೆಯಾಗಿ ಸಮೇತನಹಳ್ಳಿಗೆ ಬಂದ ಹೊಸತು. ಪೆಟ್ರೋಲು ಸಿಗದೆ ಬಸ್ಸುಗಳು ಬೆನ್ನಿಗೊಂದು ದೊಡ್ಡ ಡ್ರಮ್ಮು ಕಟ್ಟಿಕೊಂಡು ಇದ್ದಿಲಿನಲ್ಲಿ ಓಡುತ್ತಿದ್ದವು. ಓಡುತ್ತಿದ್ದವು ಅನ್ನುವುದು ದೊಡ್ಡ ಮಾತು, ತೆವಳುತ್ತಿದ್ದವು. ಅಕ್ಕನಿಗೆ ಉಬ್ಬಸ. ಒಮ್ಮೆ ಆ ಬಸ್ಸು ಹತ್ತಿ, ಉಸಿರು ಕಟ್ಟಿ ಅರ್ಧ ದಾರಿಯಲ್ಲೇ ಇಳಿದವಳು ಮತ್ತೆ ಅದರ ಮೆಟ್ಟಿಲು ತುಳಿಯಲಿಲ್ಲ. ಸೊಪ್ಪಿನ ಹೊರೆ ಹೊತ್ತು ಹೊಸಕೋಟೆ ಸಂತೆಗೆ ನಡೆದೇ ಹೋಗುತ್ತಿದ್ದಳು. ಅವಳ ಹಿಂದೆ ನಾನು.

ನಡುದಾರಿಯ ತಿರುವಿನಲ್ಲಿ ಒಂದು ಹೊರೆಗಲ್ಲಿತ್ತು. ಎರಡು ಕಲ್ಲುಕಂಬ, ಮೇಲೊಂದು ಚಪ್ಪಡಿ, ಅಷ್ಟೆ. ಯಾರ ಹಂಗೂ ಇಲ್ಲದೆ ಹೊರೆಯನ್ನು ತಲೆಯಿಂದ ಅದರ ಮೇಲೆ ಜಾರಿಸಿ, ದಣಿವಾರಿಸಿಕೊಂಡು, ಮತ್ತೆ ತಲೆಗೆ ತೆಗೆದುಕೊಳ್ಳಬಹುದಿತ್ತು. ಅದಿಲ್ಲದಿದ್ದರೆ ಉಬ್ಬಸದವಳು ಸಂತೆ ಮುಟ್ಟುವುದು ಸುಳ್ಳು. ಸಂತೆ ತಪ್ಪಿದರೆ ಗಂಡನಿಲ್ಲದ ಅಕ್ಕ ಮೈದುನನ ಮನೆಯ ಮುದ್ದೆಗೆ ಕೈಯೊಡ್ಡಬೇಕಿತ್ತು.

ಒಂದು ಸಂತೆಯ ದಿನ ಹೋಗಿ ನೋಡಿದರೆ ಚಪ್ಪಡಿ ನೆಲದ ಮೇಲಿದೆ! ತಿರುವಿನಲ್ಲಿ ಬಸ್ಸಿನ ಓಟ ಮುರಿಯುತ್ತದಂತೆ, ದಾರಿ ನೆಟ್ಟಗೆ ಮಾಡುತ್ತಾರಂತೆ. ಇನ್ನು ಎಲ್ಲರೂ ಬಸ್ಸಿನಲ್ಲೇ ಹೋಗಬಹುದಲ್ಲ ಎಂದು ರಸ್ತೆ ಕೆಲಸ ನೋಡಿಕೊಳ್ಳುತ್ತಿದ್ದ ಓವರ್‌ಸೀಯರು ನಕ್ಕ. ಅಕ್ಕ ನಗಲಿಲ್ಲ. ಹೊರೆ ಹೊತ್ತುಕೊಂಡೇ ನಡುರಸ್ತೆಯಲ್ಲಿ ನಿಂತಳು. ಹಿಂದೆ ಬಸ್ಸು ಬಂದು ಹಾರ್ನ್ ಹೊಡೆಯಿತು. ಹೊಗೆ ಕವಿಯಿತು. ಅವಳ ಎದೆ ತಿದಿಯ ಹಾಗೆ ಏಳುತ್ತಿತ್ತು.

"ಇಳಿಸೋಕೆ ಜಾಗ ತೋರ್ಸಿ ಸ್ವಾಮಿ, ಪಕ್ಕಕ್ಕೋಗ್ತೀನಿ," ಅಂದಳು.

ಹೊರೆ ಇಳಿಸಲು ಅವನು ಕೂಲಿಯೊಬ್ಬನಿಗೆ ಹೇಳಿದ. ಅಕ್ಕ ಮುಟ್ಟಗೊಡಲಿಲ್ಲ.

"ಇವತ್ತು ಇವ್ನು ಇಳಿಸ್ತಾನೆ. ಬರೋ ಸಂತೆಗೆ ನೀವು ಬಂದು ನಿಂತ್ಕೊತೀರಾ, ಕಲ್ಲಿನ್ ಥರ?"

ನಿಂತಲ್ಲೇ ಬಸ್ಸಿನ ಡ್ರಮ್ಮಿನೊಳಗಿನ ಬೆಂಕಿ ಆರಿತು. ಕೆಳಗಿಳಿದ ಜನ ಅಕ್ಕನನ್ನು ಬಿಟ್ಟು ಅವನನ್ನೇ ಬೈಯತೊಡಗಿದರು. ಕೊನೆಗೆ ಚರಂಡಿಯಾಚೆ ಕಂಬ ನೆಡಿಸಿದ. ಅಕ್ಕ ಪಕ್ಕದಲ್ಲೇ ನಿಂತು, ಎತ್ತರವಾಯಿತು ಎಂದು ಎರಡು ಸಲ ಕೀಳಿಸಿ, ಚಪ್ಪಡಿಯನ್ನು ತನ್ನ ಅಳತೆಗೆ ಕೂರಿಸಿಕೊಂಡಳು. ಎಷ್ಟು ಜಂಬ ನನಗೆ ಆವತ್ತು!

ಅಕ್ಕ ಗಿಡ್ಡಿ, ನಾನು ಉದ್ದ. ಅವಳು ತೀರಿಕೊಂಡ ಮೇಲೂ ಎಷ್ಟೋ ವರ್ಷ ಅಲ್ಲಿ ಹೊರೆ ಇಳಿಸಲು ನಾನು ಮಂಡಿ ಬಗ್ಗಿಸುತ್ತಿದ್ದೆ... ಆಮೇಲೆ ರಸ್ತೆ ಅಗಲವಾಯಿತು. ಕಲ್ಲು ಎಲ್ಲಿ ಹೋಯಿತೋ, ಕೇಳುವವರು ಯಾರೂ ಇರಲಿಲ್ಲ. ನಾನೂ ಕೇಳಲಿಲ್ಲ, ಅದೇ ಹೊಟ್ಟೆ ಉರಿಯುತ್ತದೆ.

ಮೊನ್ನೆ ಎದುರಿಗೆ ಕಾಣುವ ಅಂಗಡಿಗೆ ದಾಟಲು ನಿಂತೇ ಇದ್ದೆ. ದಾರಿಯೇ ಇಲ್ಲ, ಬರೀ ಗಾಡಿ, ಬರೀ ಹೊಗೆ. ಆಟೋದವನು ಬಂದು, "ಸುತ್ತಾಕ್ಕೊಂಡೇ ಹೋಗ್ಬೇಕು ಅಜ್ಜಿ, ಕೂತ್ಕೊಳಿ," ಅಂದ. ಕೂರಲಿಲ್ಲ. ಕೈಚೀಲವನ್ನು ತಲೆಯ ಮೇಲಿಟ್ಟುಕೊಂಡು ರಸ್ತೆಗೆ ಇಳಿದೆ.

ಹಾರ್ನ್ ಹೊಡೆದರು. ಹೊಡೆಯಲಿ.