ಹೆದ್ದಾರಿ ಮೇಲೆ ಹುರುಳಿ

ಈಗಿನದು ಟೋಲ್ ಕಟ್ಟಿ ಹೋಗುವ ಹೆದ್ದಾರಿ, ಬೈಕನ್ನು ಒಳಕ್ಕೇ ಬಿಡಲ್ಲ. ನಾನು ಹೇಳ್ತಿರೋದು ಅದಕ್ಕೂ ಮುಂಚಿನ ಮಾತು. ರಾಮನಗರಕ್ಕೂ ಚನ್ನಪಟ್ಟಣಕ್ಕೂ ನಡುವೆ, ನಮ್ಮೂರ ಮುಂದಿನ ಹಳೇ ರಸ್ತೆಯನ್ನು ಆಗತಾನೇ ಅಗಲ ಮಾಡಿದ್ದರು.

ಹಳೇ ರಸ್ತೆ ಇದ್ದಾಗಿನಿಂದಲೂ ನಮ್ಮ ಕಡೆಯವರು ಹುರುಳಿ ಕಿತ್ತರೆ ಟಾರಿನ ಮೇಲೆ ಹಾಸೋರು. ಬಸ್ಸು, ಲಾರಿ ಅದರ ಮೇಲೆ ಹರಿದು ಒಕ್ಕಣೆ ಮಾಡಿಕೊಟ್ಟು ಹೋಗೋವು. ಡ್ರೈವರುಗಳು ಬೈಯ್ತಾನೇ ನಿಧಾನ ಮಾಡೋರು. ರಸ್ತೆ ಅಗಲ ಆದಮೇಲೆ ಯಾರು ನಿಧಾನ ಮಾಡ್ತಾರೆ? ಹುರುಳಿ ಮೇಲೆ ಜೋರಾಗಿ ಬಂದ ಬೈಕು ನಿಲ್ಲೋದೇ ಇಲ್ಲ, ಬಚ್ಚಲಲ್ಲಿ ಸೋಪು ತುಳಿದ ಹಾಗೆ ಜಾರುತ್ತೆ.

ನಮ್ಮ ಯಜಮಾನರು ಬಿಡದಿಯ ಒಂದು ಫ್ಯಾಕ್ಟರಿಗೆ ಹೋಗ್ತಿದ್ದರು. ಒಂದು ಮಧ್ಯಾಹ್ನ ಶಿಫ್ಟು ಮುಗಿಸಿ ಬರುವಾಗ ಪಕ್ಕದೂರಿನವರು ಹಾಸಿದ್ದ ಹುರುಳಿ ಮೇಲೆ ಜಾರಿಬಿದ್ದರು. ಹಿಂದಿದ್ದ ಕಾರಿನವನು ಹೆಂಗೋ ತಪ್ಪಿಸಿದ. ಬಲಗಾಲಿಗೆ ರಾಡು ಹಾಕಿದರು. ಕಾಂಟ್ರಾಕ್ಟ್ ಕೆಲಸ, ಕಾಲು ಕೂಡೋವರೆಗೂ ಯಾರು ಕಾಯ್ತಾರೆ, ಅದೂ ಹೋಯ್ತು. ಹುರುಳಿ ಹಾಸಿದವರು ಮೋಸಂಬಿ ತಗೊಂಡು ನೋಡೋಕೆ ಬಂದರು. ಅವರನ್ನ ಬೈಯ್ಯೋಕೂ ನನಗೆ ಬಾಯಿ ಬರಲಿಲ್ಲ. ನಮ್ಮತ್ತೆ ಮಾಡ್ತಿದ್ದದ್ದೂ ಅದೇ ತಾನೆ.

ಮುಂದಿನ ಸುಗ್ಗಿಗೆ ನಮ್ಮತ್ತೆ ಹುರುಳಿ ಹೊರೆ ಹೊತ್ತು ಮತ್ತೆ ರಸ್ತೆ ಕಡೆಗೇ ಹೊರಟರು. ನನಗೆ ಮೈಯೆಲ್ಲ ಉರಿದುಹೋಯ್ತು. ಅಡ್ಡ ಹೋಗಿ ನಿಂತೆ.

"ಮಗನ ಕಾಲು ನೋಡ್ಕೊಂಡೂ ವೋಯ್ತಿದ್ದೀರಲ್ಲ ಅತ್ತೆ, ಹೊಟ್ಟೆಗೆ ಅನ್ನ ತಾನೆ ತಿನ್ನೋದು?"

ಅವರು ಹೊರೆ ಇಳಿಸಲಿಲ್ಲ. "ಕಣ ಎಲ್ಲೈತೆ ತೋರ್ಸಮ್ಮಿ, ಅಲ್ಲೇ ಹಾಕ್ತೀನಿ," ಅಂದರು.

ಏನು ತೋರಿಸಲಿ? ನಮ್ಮ ಕಣ ಇದ್ದದ್ದು ಹೊಲದ ತಲೆಯಲ್ಲಿ, ರಸ್ತೆಗೆ ಅಂಟಿಕೊಂಡು. ಅಗಲ ಮಾಡುವಾಗ ಅದೇ ಹೋಗಿದ್ದು. ಅತ್ತೆ ಪ್ರತಿವರ್ಷ ಸಗಣಿ ಸಾರಿಸ್ತಿದ್ದ ನೆಲದ ಮೇಲೆ ಈಗ ಮೈಸೂರಿಗೆ ಹೋಗುವ ಕಾರುಗಳು. ಉಳಿದ ಹೊಲಕ್ಕೆ ಹಿಪ್ಪುನೇರಳೆ ಹಾಕಿದ್ದೆವು, ಮನೆ ಮುಂದೆ ಒಂದು ಚಾಪೆ ಹಾಸೋಕೂ ಜಾಗ ಇಲ್ಲ. ನಾನು ಪಕ್ಕಕ್ಕೆ ಸರಿದೆ. ಜಗಳ ಆಡೋಕೂ ಒಸಿ ಶಕ್ತಿ ಬೇಕಲ್ಲ.

ಅತ್ತೆ ಹುರುಳಿ ಹರಡಿ ಮುಗಿಸೋದರೊಳಗೆ ಯಜಮಾನರು ಕಾಲೆಳಕೊಂಡು ಬಂದರು. ನನ್ನ ಹಳೇ ಕೆಂಪು ಲಂಗದ ಚೂರನ್ನು ಒಂದು ಕೋಲಿಗೆ ಕಟ್ಟಿಕೊಂಡಿದ್ದರು. "ಬೈಕ್‌ನೋರಿಗಾದ್ರೂ ತೋರುಸ್ತೀನಿ," ಅಂತ ಹುರುಳಿಗಿಂತ ಒಂದಷ್ಟು ಮುಂದೆ ಹೋಗಿ ರಸ್ತೆಯಲ್ಲೇ ನಿಂತರು. ಬೈಕುಗಳು ನಿಧಾನ ಆದವು. ಇನ್ನೊಬ್ಬರು ಬೀಳಬಾರದು ಅನ್ನೋದೊಂದೇ ಅವರ ತಲೆಯಲ್ಲಿ.

ಅಷ್ಟರಲ್ಲಿ ಒಂದು ಲಾರಿ ಹಾರ್ನ್ ಹೊಡಕೊಂಡು ಅವರ ಮೇಲೇ ಬಂತು. ಸರಿಯೋಕೆ ನೋಡಿದರು, ಕಾಲು ಬರಲಿಲ್ಲ. ಲಾರಿ ಪಕ್ಕಕ್ಕೆ ತಿರುಗಿಸಿಕೊಂಡು ಹೋಯ್ತು. ಆ ಗಾಳಿಗೆ ಅವರ ಪಂಚೆ ಪಟಪಟ ಅಂತಿತ್ತು, ಅವರು ನಿಂತಲ್ಲೇ ಇದ್ದರು. ಅತ್ತೆ ಕೈಯಲ್ಲಿ ಪೊರಕೆ ಹಿಡಿದವರು ಹಂಗೇ ಕುಸಿದು ಕೂತರು.

ನಾನು ಹೋಗಿ ಯಜಮಾನರ ಕೈಯಿಂದ ಕೋಲು ಕಿತ್ತುಕೊಂಡೆ.

"ನೀನ್ಯಾಕಮ್ಮಿ?" ಅಂದರು.

"ನಂಗಾದ್ರೆ ಓಡಕ್ಕಾಯ್ತದೆ," ಅಂದೆ.

ಅವರು ಹೋಗಿ ಅಮ್ಮನ ಪಕ್ಕ ಕೂತರು. ಆಮೇಲಿನ ಸುಗ್ಗಿಗಳಲ್ಲೆಲ್ಲ ಆ ಬಟ್ಟೆ ಹಿಡಿದು ರಸ್ತೆಯಲ್ಲಿ ನಿಂತವಳು ನಾನೇ.