ಡ್ರೈವರ್ ತೆಗೆದ ಮೇಲೆ

ಓಡುತ್ತಿರುವ ಕಂಪ್ಯೂಟರನ್ನು ನಿಲ್ಲಿಸದೆ, ಅದನ್ನು ನಡೆಸುವ ಮೂಲ ತಂತ್ರಾಂಶವಾದ ಕರ್ನಲ್‌ನಿಂದ, ನೆಟ್‌ವರ್ಕ್ ನೋಡಿಕೊಳ್ಳುವ ಡ್ರೈವರ್ ಎಂಬ ತುಣುಕನ್ನು ಮಾತ್ರ ಹೊರತೆಗೆಯುವುದು ಆಗ ನನಗೂ ಜೊತೆಯ ಸೆಲ್ವಿಗೂ ಬಿದ್ದಿದ್ದ ಕೆಲಸ. ತೆಗೆದಾಗಲೆಲ್ಲ ಯಂತ್ರ ಕುಸಿಯುತ್ತಿತ್ತು. ನೆಟ್‌ವರ್ಕಿನಲ್ಲಿ ಅರ್ಧ ದಾರಿಯಲ್ಲಿದ್ದ ಯಾವುದೋ ಮಾಹಿತಿಯ ಪ್ಯಾಕೆಟ್ ಬಂದು, ಆಗಲೇ ಹೋಗಿಬಿಟ್ಟಿದ್ದ ಡ್ರೈವರನ್ನು ಹುಡುಕುತ್ತಿತ್ತು.

"ಮೊದಲು ಬಾಗಿಲು ಹಾಕೋಣ. ಒಳಗಿರೋ ಪ್ಯಾಕೆಟ್‌ಗಳೆಲ್ಲ ಮುಗಿಯೋ ತನಕ ಕಾಯೋಣ. ಆಮೇಲೆ ತೆಗೆಯೋಣ," ಅಂದಳು ಸೆಲ್ವಿ. ಹಾಗೇ ಕೋಡ್ ಬರೆದೆವು.

ಹಲಸೂರಿನ ಆಫೀಸಿನಲ್ಲಿ ಕೂತು, ಕೆ.ಆರ್. ಪುರದ ಲ್ಯಾಬಿನಲ್ಲಿದ್ದ ಯಂತ್ರಕ್ಕೆ ಕಮಾಂಡ್ ಕೊಟ್ಟೆ. ನನ್ನ ಸ್ಕ್ರೀನ್ ಹಾಗೇ ನಿಂತುಬಿಟ್ಟಿತು. ಮರುದಿನ ಗಿರಾಕಿಗಳು ನೋಡೋಕೆ ಬರುವವರಿದ್ದರು. ಸೆಲ್ವಿಯ ಮುಖ ಸಣ್ಣಗಾಯಿತು. ನಾನು ಲ್ಯಾಬ್ ನೋಡಿಕೊಳ್ಳುತ್ತಿದ್ದ ಎಂಜಿನಿಯರ್ ಮುನಿರಾಜು ಅವರಿಗೆ ಫೋನ್ ಮಾಡಿದೆ.

"ಮತ್ತೆ ಸತ್ತೋಯ್ತಾ, ಸ್ವಲ್ಪ ನೋಡ್ತೀರಾ?"

"ಇಲ್ಲಾ ರೀ, ಚೆನ್ನಾಗೇ ಓಡ್ತಿದೆ. ಡ್ರೈವರ್ ತೆಗೆದಾಯ್ತು ಅಂತ ಬಂದಿದೆ ಇಲ್ಲಿ."

ಸೆಲ್ವಿ ನನ್ನ ಮುಖ ನೋಡಿದಳು, ನಾನು ಅವಳ ಮುಖ. ಆ ಯಂತ್ರದ ಜೊತೆ ನಾವು ಮಾತಾಡುತ್ತಿದ್ದದ್ದೇ ಆ ಡ್ರೈವರ್ ಮೂಲಕ. ಅದನ್ನು ತೆಗೆದ ಮೇಲೆ ಉತ್ತರ ಎಲ್ಲಿಂದ ಬರಬೇಕು?

"ಆಯ್ತಲ್ಲ ಮಗಾ!" ಎಂದು ಸೆಲ್ವಿ ಮೇಜು ಕುಟ್ಟಿದಳು.

"ಸಂತೋಷ," ಅಂದರು ಫೋನಿನಲ್ಲಿ ಮುನಿರಾಜು. "ವಾಪಸ್ ಹಾಕೋಕೆ ಪಾಸ್‌ವರ್ಡ್ ನಿಮ್ಮ ಹತ್ರನೇ ಇರೋದು. ಬರ್ತೀರಾ?"

ಮೆಟ್ರೋದಲ್ಲಿ ನಿಂತುಕೊಂಡೇ ಕೆ.ಆರ್. ಪುರಕ್ಕೆ ಹೋದೆ. ಕೆಲಸ ಕೆಟ್ಟಾಗ ಹಾಗೆ ಓಡಿದ್ದು ಎಷ್ಟು ಸಲವೋ ನೆನಪಿಲ್ಲ. ಸರಿಹೋಯಿತು ಅಂತ ಓಡಿದ್ದು ಮಾತ್ರ ಅದೊಂದೇ ಸಲ.